ಸತ್ಯಾಂಶ: ಗುರುತಿನ ಚೀಟಿಯೊಂದಿದ್ದರೆ ಬಂದರಿನೊಳಗೆ ಹೋಗಬಹುದೇ?

‘ಬಂದರು ಸಾರ್ವಜನಿಕ ಆಸ್ತಿ, ಸರ್ಕಾರಿ ಗುರುತಿನ ಚೀಟಿ ತೋರಿಸಿದವರನ್ನು ಗೇಟಿನಲ್ಲಿ ತಡೆಯುವಂತಿಲ್ಲ’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಗುರುತಿನ ಚೀಟಿಯು ನೀವು ಯಾರೆಂಬುದನ್ನು ತಿಳಿಸುತ್ತದೆಯೇ ಹೊರತು ಒಳಗೆ ನಿಮಗೇನು ಕೆಲಸವೆಂಬುದನ್ನಲ್ಲ. ಕಾವಲಿನವರು ಪರಿಶೀಲಿಸುವುದು ಎರಡನ್ನೂ.

ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆಯು 2002ರ ಡಿಸೆಂಬರಿನಲ್ಲಿ ಅಂಗೀಕರಿಸಿ, 2004ರ ಜುಲೈ 1ರಿಂದ ಜಾರಿಗೆ ತಂದ ಐಎಸ್‌ಪಿಎಸ್ (ಅಂತರರಾಷ್ಟ್ರೀಯ ಹಡಗು ಮತ್ತು ಬಂದರು ನೆಲೆ ಭದ್ರತಾ) ಸಂಹಿತೆಯ ಪ್ರಕಾರ, ಅಂತರರಾಷ್ಟ್ರೀಯ ಯಾನದ ಹಡಗುಗಳು ತಂಗುವ ಬಂದರು ನೆಲೆಗಳಲ್ಲಿ ಅಪಾಯದ ಮೌಲ್ಯಮಾಪನ ನಡೆದು, ಅದನ್ನು ಆಧರಿಸಿದ ಭದ್ರತಾ ಯೋಜನೆಯೂ ಅದರ ಹೊಣೆ ಹೊತ್ತ ಭದ್ರತಾ ಅಧಿಕಾರಿಯೂ ಇರಬೇಕು. ಯಾರು, ಯಾವ ಭಾಗಕ್ಕೆ, ಯಾವ ಕಾರಣಕ್ಕೆ ಹೋಗಬಹುದೆಂಬುದು ಆ ಯೋಜನೆಯಲ್ಲಿಯೇ ನಿಗದಿಯಾಗುತ್ತದೆ. ಆದ್ದರಿಂದ ಕಚೇರಿಗೆ ಹೋಗಲು ಪಾಸ್ ಪಡೆದ ವ್ಯಕ್ತಿಗೆ ಹಡಗುಕಟ್ಟೆಗೆ ಹೋಗುವ ಅನುಮತಿ ತಾನಾಗಿಯೇ ದೊರೆಯುವುದಿಲ್ಲ. ಭದ್ರತೆಗೆ ಮೂರು ಹಂತಗಳಿದ್ದು, ಹಂತವನ್ನು ಸರ್ಕಾರ ಏರಿಸಿದಾಗ ತಪಾಸಣೆ ಬಿಗಿಯಾಗುತ್ತದೆ. ನಿನ್ನೆ ಸಲೀಸಾಗಿ ಒಳಹೋದ ಲಾರಿ ಚಾಲಕನನ್ನು ಇಂದು ಹೆಚ್ಚು ಹೊತ್ತು ನಿಲ್ಲಿಸುವುದು ಇದರಿಂದಲೇ ಇರಬಹುದು.

ಇದರ ತದ್ವಿರುದ್ಧವಾಗಿ, ಭದ್ರತೆಯ ಹೆಸರಿನಲ್ಲಿ ನಾವಿಕರನ್ನು ಹಡಗಿನಲ್ಲೇ ಕೂಡಿಹಾಕಬಹುದೆಂದು ಭಾವಿಸುವವರೂ ಇದ್ದಾರೆ. ವಾಸ್ತವದಲ್ಲಿ, ನಾವಿಕರು ದಡಕ್ಕಿಳಿಯಲು ಮತ್ತು ಅವರ ಕಲ್ಯಾಣ ಸಂಘಟನೆಗಳ ಪ್ರತಿನಿಧಿಗಳು ಹಡಗಿಗೆ ಬರಲು ಅನುಕೂಲ ಕಲ್ಪಿಸುವ ಕ್ರಮಗಳೂ ಭದ್ರತಾ ಯೋಜನೆಯಲ್ಲಿರಬೇಕೆಂದು ಅದೇ ಸಂಹಿತೆ ವಿಧಿಸುತ್ತದೆ.