ಕತ್ತರಿಗೆ ಚಳಿಗಾಲದ ರಜೆ ಕೊಡಿ

ಇಂಗ್ಲೆಂಡಿನಲ್ಲಿ ಅಕ್ಟೋಬರ್ ಮುಗಿಯುತ್ತಿದ್ದಂತೆ ಹಿತ್ತಿಲುಗಳಲ್ಲಿ ಕತ್ತರಿಯ ಸದ್ದು ಶುರುವಾಗುತ್ತದೆ. ಒಣಗಿದ ಗಿಡಗಳನ್ನು ಬುಡಕ್ಕೆ ಕತ್ತರಿಸುತ್ತಾರೆ, ಎಲೆ ಗುಡಿಸುತ್ತಾರೆ, ಮಣ್ಣು ಬೋಳಾಗುತ್ತದೆ. ಆಮೇಲೆ ಅದೇ ಜನ ಅಂಗಡಿಯಿಂದ ಕಾಳು ತಂದು ಹಕ್ಕಿಗಳಿಗೆಂದು ತೂಗುಹಾಕುತ್ತಾರೆ. ಇವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಪಕ್ಷಿ ಸಂರಕ್ಷಣೆಯ ಸಂಸ್ಥೆ ಆರ್‌ಎಸ್‌ಪಿಬಿ 1979ರಿಂದ ಜನವರಿಯಲ್ಲಿ ನಡೆಸುತ್ತಿರುವ ಹಕ್ಕಿ ಎಣಿಕೆಗಾಗಿ ಲಕ್ಷಾಂತರ ಮಂದಿ ಒಂದು ಗಂಟೆ ಕಿಟಕಿಯ ಬಳಿ ಕೂರುತ್ತಾರೆ. ಇಂಥ ಅಕ್ಕರೆ ನಮ್ಮಲ್ಲೂ ಬೆಳೆಯಬೇಕು. ಆದರೆ ಹಿತ್ತಿಲಲ್ಲೇ ಇದ್ದ ಆಹಾರವನ್ನು ಕಿತ್ತೆಸೆದು, ಬೇರೆ ಆಹಾರ ಕೊಂಡು ತರುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಕರ್ನಾಟಕದಲ್ಲಿ ಹಕ್ಕಿಗಳನ್ನು ಸಾಕುವುದು ಮರ. ಅತ್ತಿ ಹಣ್ಣಾದರೆ ಕುಟ್ರುಹಕ್ಕಿ, ಪಿಕಳಾರಗಳು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ. ಎಲೆ ಉದುರಿಸಿಕೊಂಡ ಬೂರುಗ ಕೆಂಪಗೆ ಅರಳಿದರೆ ಮಕರಂದಕ್ಕಾಗಿ ಗೊರವಂಕಗಳ ಜಗಳ. ಬಹುಪಾಲು ನಾವು ಮಾಡುವುದು ಬೇಸಿಗೆಯಲ್ಲಿ ಒಂದು ಬೋಗುಣಿ ನೀರಿಡುವುದು. ಇಲ್ಲಿ ಇಂಗ್ಲೆಂಡಿನಲ್ಲಿ ಕಷ್ಟಕಾಲವೇ ಬೇರೆ. ಡಿಸೆಂಬರ್‌ನಲ್ಲಿ ಹಗಲು 8 ಗಂಟೆಯ ಆಸುಪಾಸು. ಸುಮಾರು 11 ಗ್ರಾಂ ತೂಗುವ ಬ್ಲೂ ಟಿಟ್ ಎಂಬ ಪುಟ್ಟ ಹಕ್ಕಿ ಅಷ್ಟರಲ್ಲಿ ತಿಂದದ್ದರ ಬಲದಿಂದಲೇ 16 ಗಂಟೆಯ ರಾತ್ರಿಯನ್ನು ದಾಟಬೇಕು. ಹಾಗಾಗಿ ಕೈಯಾರೆ ಉಣಿಸುವುದು ತಪ್ಪಲ್ಲ. ಆದರೂ ಗಿಡಮರ ಮೊದಲು, ತಟ್ಟೆ ಆಮೇಲೆ ಎನ್ನುವ ನಮ್ಮ ಕಡೆಯ ಕ್ರಮವೇ ಇಲ್ಲಿಗೂ ಒಳ್ಳೆಯದು.

ಹಿತ್ತಿಲಿಗೆ ಚೆಲುವು ಬರುವುದೂ ಗಿಡಮರಗಳಿಂದಲೇ. ಎಲೆ ಕಳಚಿದ ಡಾಗ್‌ವುಡ್ ಪೊದೆಯ ಕೆಂಪು ಕಾಂಡಗಳು ಇಳಿಬಿಸಿಲಿಗೆ ಹೊಳೆಯುತ್ತವೆ. ಹಾಲಿ, ಹಾಥಾರ್ನ್ ಎಂಬ ಗಿಡಗಳ ಹಣ್ಣುಗಳಿಗೆ ಉತ್ತರದಿಂದ ವಲಸೆ ಬಂದ ರೆಡ್‌ವಿಂಗ್ ಹಕ್ಕಿಗಳು ಮುತ್ತುತ್ತವೆ. ಅವು ಖಾಲಿಯಾಗುವ ಹೊತ್ತಿಗೆ ಐವಿ ಬಳ್ಳಿಯ ಕಪ್ಪು ಹಣ್ಣು ಮಾಗಿರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಟೀಸಲ್ ಎಂಬ ಗಿಡ. ಒಣಗಿದ ಅದರ ತಲೆ ಮೊಟ್ಟೆಯಾಕಾರದ ಮುಳ್ಳಿನ ಗೊಂಚಲು. ಗೋಲ್ಡ್‌ಫಿಂಚ್ ಅದರ ಮೇಲೆ ಓರೆಯಾಗಿ ಕುಳಿತು, ತೆಳುವಾದ ಚೂಪು ಕೊಕ್ಕನ್ನು ಮುಳ್ಳುಗಳ ಸಂದಿಗೆ ತೂರಿಸಿ ಬೀಜವನ್ನು ಹೊರಗೆಳೆಯುತ್ತದೆ. ಕೆಂಪು ಮುಖ, ರೆಕ್ಕೆಯಲ್ಲಿ ಹಳದಿ ಪಟ್ಟಿ. ಮಂಕು ಕವಿದ ಬೆಳಗಿನಲ್ಲಿ ಇದಕ್ಕಿಂತ ಚೆಲುವಾದ ಹೂವು ಯಾವುದಿದೆ? ಈ ಗಿಡವನ್ನು ಕಸವೆಂದು ಕಿತ್ತುಹಾಕುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಒಂದೇ ತಟ್ಟೆಗೆ ಹತ್ತಾರು ಹಕ್ಕಿಗಳು ಮುಗಿಬೀಳುವುದರಲ್ಲಿ ಅಪಾಯವೂ ಇದೆ. 2005ರಲ್ಲಿ ಬ್ರಿಟನ್ನಿನ ಫಿಂಚ್‌ಗಳಲ್ಲಿ ಕಾಣಿಸಿಕೊಂಡ ಟ್ರೈಕೊಮೊನೋಸಿಸ್ ರೋಗ ಎಂಜಲಾದ ಕಾಳು, ನೀರಿನಿಂದ ಹರಡುತ್ತದೆ. ಗಂಟಲು ಕಟ್ಟಿಕೊಂಡು ನುಂಗಲಾಗದೆ ಹಕ್ಕಿ ಸೊರಗಿ ಸಾಯುತ್ತದೆ. ಗ್ರೀನ್‌ಫಿಂಚ್‌ಗಳ ಸಂಖ್ಯೆ ಎಷ್ಟು ಕುಸಿಯಿತೆಂದರೆ, 2021ರಲ್ಲಿ ಅವನ್ನು ಆತಂಕದ ಕೆಂಪು ಪಟ್ಟಿಗೆ ಸೇರಿಸಬೇಕಾಯಿತು. ಕಾಳಿನ ತಟ್ಟೆ ಇಡುವವರು ವಾರಕ್ಕೊಮ್ಮೆಯಾದರೂ ಅದನ್ನು ತೊಳೆಯಲೇಬೇಕು, ನೀರನ್ನು ದಿನವೂ ಬದಲಾಯಿಸಲೇಬೇಕು. ಕಡಲೆಕಾಯಿ ಬೀಜಕ್ಕೆ ಉಪ್ಪು ಸೋಕಿರಬಾರದು. ಕೊಬ್ಬಿನ ಉಂಡೆಗಳನ್ನು ಪ್ಲಾಸ್ಟಿಕ್ ಬಲೆಯಿಂದ ಬಿಡಿಸಿಯೇ ಇಡಿ, ಬಲೆಗೆ ಹಕ್ಕಿಯ ಕಾಲು ಸಿಕ್ಕಿಕೊಳ್ಳುತ್ತದೆ.

ಒಣಗಿದ ಗಿಡಗಳು ಫೆಬ್ರವರಿ ಕೊನೆಯವರೆಗೆ ನಿಂತಿರಲಿ. ಡಾಗ್‌ವುಡ್ ಕತ್ತರಿಸುವುದಕ್ಕೂ ಮಾರ್ಚ್ ಸುಮಾರಿಗೇ ಸರಿಯಾದ ಸಮಯ. ಹೊಸದಾಗಿ ಚಿಗುರಿದ ಕಾಂಡಗಳಿಗೇ ಹೆಚ್ಚು ಬಣ್ಣ. ಇಲ್ಲಿ ಬಾಡಿಗೆ ಮನೆಯಲ್ಲಿರುವ ಕನ್ನಡಿಗರು ಮಾಲೀಕರೊಡನೆ ಮಾತನಾಡಿ, ಬೇಲಿಯ ಮೇಲಿನ ಐವಿಯನ್ನಾದರೂ ಉಳಿಸಿಕೊಳ್ಳಿ.