ತಪ್ಪೊಪ್ಪಿದವರಿಗೆ ವಿಶೇಷ ರಿಯಾಯಿತಿ

ಸಂಚಾರ ದಂಡದ ನೋಟಿಸು ಕೈಸೇರಿದ ನಾಗರಿಕನ ಮುಂದೆ ಆಡಳಿತವು ಬಹಳ ಉದಾರವಾಗಿ ಎರಡು ದಾರಿಗಳನ್ನು ತೆರೆದಿಡುತ್ತದೆ. ತಪ್ಪು ಮಾಡಿದವನು ಬೇಗ ಹಣ ಕಟ್ಟಿ ರಿಯಾಯಿತಿ ಪಡೆಯಬಹುದು. ಮಾಡದವನು ಮೇಲ್ಮನವಿ ಸಲ್ಲಿಸಿ, ಆ ರಿಯಾಯಿತಿಯನ್ನು ಕಳೆದುಕೊಳ್ಳುವ ಧೈರ್ಯ ತೋರಬಹುದು.

ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತ ವಿಧಿಸಿದ ಪಾರ್ಕಿಂಗ್ ದಂಡವನ್ನು 14 ದಿನಗಳೊಳಗೆ ಕಟ್ಟಿದರೆ ಅರ್ಧ ಸಾಕು. ನ್ಯಾಯಮಂಡಳಿಯವರೆಗೆ ಹೋಗಿ ಸೋತರೆ ಪೂರ್ತಿ ತೆರಬೇಕು. ಫ್ರಾನ್ಸಿನವರು ಇನ್ನೂ ಜಾಣರು. ವೇಗ ಅಳೆಯುವ ಕ್ಯಾಮೆರಾದ ಮಾತನ್ನು ಪ್ರಶ್ನಿಸುವವನು ಅಲ್ಲಿ ಸಾಮಾನ್ಯವಾಗಿ ದಂಡದಷ್ಟೇ ಹಣವನ್ನು ಮುಂಗಡವಾಗಿ ಠೇವಣಿ ಇಡಬೇಕು. 135 ಯೂರೋ ದಂಡದ ಪ್ರಕರಣದಲ್ಲಿ ಬೇಗನೆ ತಪ್ಪೊಪ್ಪಿದವನು 90 ಯೂರೋ ಕಟ್ಟಿ ನಿಶ್ಚಿಂತನಾಗುತ್ತಾನೆ, ಒಪ್ಪದವನು 135 ಇಟ್ಟು ಕಾಯುತ್ತಾನೆ. ಅದು ದಂಡವಲ್ಲ, ಬರೀ ಠೇವಣಿ ಎಂದು ಕಾನೂನು ಹೇಳುತ್ತದೆ. ಜೇಬಿಗೆ ಮಾತ್ರ ಅಷ್ಟು ಕಾನೂನು ತಿಳಿಯುವುದಿಲ್ಲ. ಎರಡು ವಾರದೊಳಗೆ ಆಕ್ಷೇಪ ಸಲ್ಲಿಸಿದರೆ ತೀರ್ಮಾನವಾಗುವವರೆಗೆ ವಸೂಲಿಯನ್ನೇ ತಡೆಹಿಡಿಯುವ ಜರ್ಮನಿಗೆ ಈ ಜಾಣತನ ಇನ್ನೂ ಒಲಿದಿಲ್ಲ.

ಆಕ್ಷೇಪಿಸುವುದಾದರೂ ಏನನ್ನು? ನೋಟಿಸಿಗೆ ಅಂಟಿದ ಚಿತ್ರದಲ್ಲಿ ಮಳೆಹನಿಯ ಹಿಂದೆ ನಂಬರ್ ಪ್ಲೇಟಿನ 3 ಹೊಟ್ಟೆ ತುಂಬಿಕೊಂಡು 8 ಆಗಿರುತ್ತದೆ, ಮತ್ತು ಹೆಲ್ಮೆಟ್ ಧರಿಸದ ಅಪರಾಧಕ್ಕೆ ಕಾರಿನ ಮಾಲೀಕ ಉತ್ತರಿಸಬೇಕಾಗುತ್ತದೆ. ಅವನು ಜಾಲತಾಣ ತೆರೆದರೆ ಕಾರಣಗಳ ಪಟ್ಟಿಯಲ್ಲಿ ‘ವಾಹನ ಕಳವಾಗಿದೆ’, ‘ವಾಹನ ಮಾರಿದ್ದೇನೆ’ ಎಂಬವು ಸಿಗುತ್ತವೆ. ‘ನಿಮ್ಮ ಕ್ಯಾಮೆರಾ ಓದಲು ಕಲಿತಿಲ್ಲ’ ಎಂಬುದನ್ನು ಮಾತ್ರ ‘ಇತರೆ’ಯ ಕೆಳಗೆ, ವಿನಯದಿಂದ, ತಾನೇ ಬರೆಯಬೇಕು.

ಅಲ್ಲಿಂದಾಚೆಗೆ ಅರ್ಜಿ ಮೇಜಿನ ಮೇಲೆ ನಿದ್ದೆಹೋಗುತ್ತದೆ. ತಡೆಯಾಜ್ಞೆಯಿಲ್ಲದ ಊರುಗಳಲ್ಲಿ ವಿಳಂಬ ಶುಲ್ಕಕ್ಕೆ ಮಾತ್ರ ನಿದ್ದೆಯಿಲ್ಲ. ಹಬ್ಬದ ರಜೆಯಲ್ಲೂ ಅದೊಂದೇ ನೌಕರ ಕೆಲಸಕ್ಕೆ ಹಾಜರಿರುತ್ತದೆ. ಹೀಗೆ ಕಚೇರಿಯ ವಿಳಂಬಕ್ಕೆ ಅರ್ಜಿದಾರನು ಶುಲ್ಕ ತೆರುತ್ತಾನೆ.

ದಂಡವನ್ನು ತಡೆಹಿಡಿದರೆ ಎಲ್ಲರೂ ಕಾಲಹರಣಕ್ಕಾಗಿಯೇ ಮೇಲ್ಮನವಿ ಹಾಕುತ್ತಾರೆ ಎಂದು ಅಧಿಕಾರಿಗಳು ಕಳವಳಪಡುತ್ತಾರೆ. ಆ ಕಳವಳ ಪೂರ್ತಿ ಸುಳ್ಳೇನೂ ಅಲ್ಲ, ಅಂಥ ಘಾಟಿಗಳು ಇದ್ದೇ ಇದ್ದಾರೆ. ಆದರೆ ಅರ್ಜಿದಾರನಿಗೆ ಹಾಕುವ ಗಡುವನ್ನೇ ಉತ್ತರಿಸುವವರಿಗೂ ಹಾಕಿದರೆ ಘಾಟಿಗಳಿಗೆ ಹರಣ ಮಾಡಲು ಕಾಲವೇ ಉಳಿಯುವುದಿಲ್ಲ ಎಂದರೆ, ಸಿಬ್ಬಂದಿಯ ಕೊರತೆಯ ಮಾತು ಬರುತ್ತದೆ. ನೋಟಿಸು ಕಳಿಸುವ ವಿಭಾಗದಲ್ಲಿ ಆ ಕೊರತೆ ಇದುವರೆಗೆ ಕಂಡುಬಂದಿಲ್ಲ.