ಬೈತಲೆಯ ಅಗಲ ಮತ್ತು ನನ್ನದೇ ರಕ್ತ

ಜುಲೈ ತಿಂಗಳಲ್ಲಿ ಡೆಂಗಿ ಬಂದು ಮಲಗಿದ್ದಾಗ ಮನೆಗೆ ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಪ್ಲೇಟ್‌ಲೆಟ್ ಎಷ್ಟಿದೆ?’ 42,000ಕ್ಕೆ ಇಳಿದಿತ್ತು. ಅತ್ತೆ ಪಪ್ಪಾಯಿ ಎಲೆಯ ರಸ ಹಿಡಿದು ಮಂಚದ ಪಕ್ಕದಲ್ಲೇ ನಿಂತಿರುತ್ತಿದ್ದರು. ಅದೇ ಪ್ಲೇಟ್‌ಲೆಟ್‌ಗಳನ್ನು ನವೆಂಬರ್‌ನಲ್ಲಿ ಕೈಯಾರೆ ದುಡ್ಡು ಕೊಟ್ಟು, ಕೂದಲು ಬೆಳೆಯಲೆಂದು ನೆತ್ತಿಗೆ ಚುಚ್ಚಿಸಿಕೊಂಡೆ. ಪಿಆರ್‌ಪಿ ಎಂಬ ಚಿಕಿತ್ಸೆ ಅದು.

ನನ್ನ ಬೈತಲೆ ನಾಲ್ಕು ವರ್ಷಗಳಿಂದ ಅಗಲವಾಗುತ್ತಲೇ ಇತ್ತು. ಅಮ್ಮನದೂ ಹಾಗೇ. ಮೊದಲು ಗೆರೆಯಂತೆ ನಿಲ್ಲುತ್ತಿದ್ದ ಕುಂಕುಮ ಈಗ ಬಯಲಿನಲ್ಲಿ ಚೆಲ್ಲಿದಂತೆ ಕಾಣುತ್ತಿತ್ತು. ಜ್ವರ ಬಿಟ್ಟು ಮೂರು ತಿಂಗಳಾಗುತ್ತಲೇ ಬಾಚಣಿಗೆಯ ತುಂಬ, ದಿಂಬಿನ ತುಂಬ, ಸ್ನಾನದ ಮನೆಯ ಜಾಲರಿಯ ತುಂಬ ಕೂದಲು. ಹೆದರಿ ಒಂದು ಕ್ಲಿನಿಕ್‌ಗೆ ಓಡಿದೆ. ‘ನಿಮ್ಮದೇ ರಕ್ತ ಮೇಡಂ, ತೊಂದರೆ ಏನೂ ಇಲ್ಲ’ ಎಂದರು. ನಾಲ್ಕು ಸಲಕ್ಕೆ 22,000 ರೂಪಾಯಿ. ಇತ್ತೀಚೆಗೆ ಜ್ವರ ಬಂದಿತ್ತೇ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಅದು ನನ್ನ ದಡ್ಡತನ.

ತೋಳಿನಿಂದ ತೆಗೆದ ರಕ್ತವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಹೊರತೆಗೆದಾಗ ಕೊಳವೆಯ ತಳದಲ್ಲಿ ಕೆಂಪು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ. ಆ ತಿಳಿಯಲ್ಲಿ ಪ್ಲೇಟ್‌ಲೆಟ್‌ಗಳು ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು. ಅವು ಬಿಡುವ ಬೆಳವಣಿಗೆಯ ಅಂಶಗಳು ಸೊರಗಿದ ಕೂದಲ ಬುಡವನ್ನು ಎಚ್ಚರಿಸುತ್ತವೆ ಎಂಬುದು ಲೆಕ್ಕಾಚಾರ. ಹಣೆಯ ಅಂಚಿನಲ್ಲಿ ಸೂಜಿ ಇಳಿದಾಗ ಮಾತ್ರ ಕಣ್ಣಲ್ಲಿ ನೀರು ಬಂತು.

ಇದು ಮೋಸವೇ? ಅಲ್ಲ. 2015ರಲ್ಲಿ ಇಟಲಿಯ ವೈದ್ಯರು 20 ಗಂಡಸರ ಅರ್ಧ ತಲೆಗೆ ಇದನ್ನು, ಉಳಿದರ್ಧಕ್ಕೆ ಹೋಲಿಕೆಗೆಂದು ಔಷಧಿಯಿಲ್ಲದ ಬರೀ ದ್ರವವನ್ನು ತಿಂಗಳಿಗೊಮ್ಮೆಯಂತೆ ಮೂರು ಸಲ ಚುಚ್ಚಿ ನೋಡಿದರು. ಪ್ಲೇಟ್‌ಲೆಟ್ ಹೋದ ಕಡೆ ಕೂದಲು ದಟ್ಟವಾಯಿತು. ವರ್ಷ ಕಳೆಯುವಷ್ಟರಲ್ಲಿ ನಾಲ್ವರಿಗೆ ಮತ್ತೆ ಉದುರತೊಡಗಿತು. ಮರುವರ್ಷ ಅಮೆರಿಕದಲ್ಲಿ 26 ಹೆಂಗಸರ ಮೇಲೆ ಒಂದೇ ಸಲ ಚುಚ್ಚಿ ನಡೆಸಿದ ಪರೀಕ್ಷೆಯಲ್ಲಿ ಕೂದಲ ಎಣಿಕೆ ಗಮನಾರ್ಹವಾಗಿ ಏರಲಿಲ್ಲ. ಎಷ್ಟು ರಕ್ತ, ಎಷ್ಟು ಹೊತ್ತು ತಿರುಗಿಸುವುದು, ಎಷ್ಟು ಸಲ ಚುಚ್ಚುವುದು ಎಂಬುದು ಒಬ್ಬೊಬ್ಬ ವೈದ್ಯರಲ್ಲಿ ಒಂದೊಂದು ಥರ. ಹೀಗಿರುವಾಗ ‘ಬಂದೇ ಬರುತ್ತದೆ’ ಎಂದು ಹೇಳಿ ಮಾರುತ್ತಾರಲ್ಲ, ನನ್ನ ಸಿಟ್ಟು ಅದರ ಮೇಲೆ.

ಏಪ್ರಿಲ್ ಹೊತ್ತಿಗೆ ನನ್ನ ಉದುರುವಿಕೆ ನಿಂತಿತು. ಕ್ಲಿನಿಕ್‌ನವರಿಗೆ ಖುಷಿಯೋ ಖುಷಿ. ಆಮೇಲೆ ಬೇರೊಬ್ಬ ಚರ್ಮವೈದ್ಯೆ ನಕ್ಕು ಹೇಳಿದರು: ಜೋರು ಜ್ವರದ ನಂತರ ಎರಡು ಮೂರು ತಿಂಗಳಿಗೆ ಕೂದಲು ಒಟ್ಟಿಗೆ ಉದುರುವುದುಂಟು, ಕೆಲವು ತಿಂಗಳಲ್ಲಿ ತಾನಾಗಿಯೇ ನಿಲ್ಲುತ್ತದೆ, ಯಾರೇನು ಚುಚ್ಚದಿದ್ದರೂ. ಹಾಗಾದರೆ ನನಗೆ ಗುಣ ಕೊಟ್ಟಿದ್ದು ಪ್ಲೇಟ್‌ಲೆಟ್ಟೋ, ಕಾಲವೋ? ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದ ಅಜ್ಜಿಯ ಕಥೆ ಇದು. ಬೈತಲೆ ಮಾತ್ರ ಇದ್ದಷ್ಟೇ ಅಗಲ ಇದೆ.

ಅದಕ್ಕೆ ಈಗ ಮಿನಾಕ್ಸಿಡಿಲ್ ಹಚ್ಚುತ್ತಿದ್ದೇನೆ. ರಕ್ತದೊತ್ತಡದ ಮಾತ್ರೆಯಾಗಿದ್ದಾಗ ತಿಂದವರ ಮೈಯಲ್ಲೆಲ್ಲ ಕೂದಲು ಬೆಳೆದು ಹೆಸರಾದ ಔಷಧಿ ಅದು. ಹೆಂಗಸರ ತಲೆಗೆಂದು ಅಮೆರಿಕದಲ್ಲಿ 1991ರಲ್ಲೇ ಒಪ್ಪಿಗೆ ಸಿಕ್ಕಿದೆ. ಬಿಟ್ಟರೆ ಬಂದದ್ದೂ ಹೋಗುತ್ತದೆ, ಗೊತ್ತು. ಆದರೆ 22,000 ಕೇಳುವ ಮೊದಲು ಇದರ ಹೆಸರನ್ನಾದರೂ ಹೇಳಬಹುದಿತ್ತು.

ಇನ್ನು ಆ ‘ಮೊದಲು–ನಂತರ’ ಫೋಟೊಗಳು! ನನ್ನವನ್ನೂ ಕಳಿಸಿದ್ದರು. ಮೊದಲನೆಯದರಲ್ಲಿ ಒದ್ದೆ ಕೂದಲು, ನೆತ್ತಿಯ ಮೇಲೆ ನೇರ ಬೆಳಕು. ಎರಡನೆಯದರಲ್ಲಿ ಒಣಗಿಸಿ ಉಬ್ಬಿಸಿದ ಕೂದಲು, ಬೈತಲೆಯನ್ನು ಎರಡು ಬೆರಳು ಪಕ್ಕಕ್ಕೆ ಸರಿಸಿದ್ದಾರೆ.

ಮೊನ್ನೆ ನಾದಿನಿ ಫೋನ್ ಮಾಡಿದ್ದಳು, ಅವಳಿಗೂ ಮಾಡಿಸಿಕೊಳ್ಳುವ ಆಸೆ. ಮೊದಲು ಥೈರಾಯ್ಡ್, ಕಬ್ಬಿಣಾಂಶದ ರಕ್ತಪರೀಕ್ಷೆ ಮಾಡಿಸು, ಬೇರೆ ದಾರಿ ಏನಿದೆ ಎಂದು ಕೇಳು, ಎಷ್ಟು ತಿಂಗಳಿಗೊಮ್ಮೆ ಮತ್ತೆ ಚುಚ್ಚಿಸಬೇಕು ಎಂದು ಬರೆಸಿಕೋ, ಫೋಟೊ ತೆಗೆದರೆ ಅದೇ ಬೆಳಕು, ಅದೇ ಬೈತಲೆ ಇರಲಿ ಎಂದೆ.

‘ಅಷ್ಟೆಲ್ಲ ಕೇಳಿದರೆ ಡಾಕ್ಟರ್ ಬೈಯುವುದಿಲ್ಲವೇ ಅತ್ತಿಗೆ?’ ಎಂದಳು.